ಕೂತ ಗಾಳಿಯೂ ಬು ರುಸ್ಮಿಯ ಸಿಟ್ಟೂ

ಬು ರುಸ್ಮಿಗೆ ಸಿಟ್ಟು ಬಂದರೆ ಕೂಗಾಡುವುದಿಲ್ಲ. ಸೋತೋ ಸಾರಿನ ಬಟ್ಟಲನ್ನು ಪಕ್ಕಕ್ಕೆ ಸರಿಸಿ, ಎರಡೂ ಅಂಗೈಗಳನ್ನು ಮೇಜಿನ ಮೇಲೆ ಒತ್ತಿ, ಮೇಜು ಎಲ್ಲಿ ಹಾರಿಹೋಗುತ್ತದೋ ಎನ್ನುವ ಹಾಗೆ ಕೂತಿರುತ್ತಾಳೆ. ಮುವಾರಾಸಾರಿ ಊರಿನ ಆಸ್ಪತ್ರೆ ಗೇಟಿನ ಎದುರು ಸೋತೋ ಅನ್ನ ಮಾರುವ ನನಗೆ ಒಳಗಿನ ಸುದ್ದಿಯನ್ನು ಯಾರೂ ಬಂದು ಹೇಳಬೇಕಾಗಿಲ್ಲ. ತುರ್ತು ವಿಭಾಗದ ನರ್ಸುಗಳು ಉಣ್ಣುವುದು ನನ್ನಲ್ಲೇ. ಅವರಿಗೆ ನಾನು ಯು ಮುನ್, ಮುನ್ ಅಕ್ಕ; ನನಗೆ ಅವರು ಬು, ಅಂದರೆ ಅಮ್ಮ; ಗಂಡಸರಾದರೆ ಪಾಕ್. ಯಾರು ಮೆಣಸಿನ ಚಟ್ನಿ ಹೆಚ್ಚು ಬಡಿಸಿಕೊಂಡರು, ಯಾರು ಅರ್ಧಕ್ಕೇ ಎದ್ದರು ಎನ್ನುವುದರಲ್ಲೇ ಬೇಕಾದಷ್ಟು ತಿಳಿಯುತ್ತದೆ.

ಆ ದಿನ ಬಟ್ಟಲು ಮೇಜಿನ ಅಂಚಿನವರೆಗೂ ಸರಿದಿತ್ತು.

“ತಣ್ಣಗಾಗ್ತಿದೆ, ಬು,” ಎಂದೆ.

“ಆಗ್ಲಿ ಬಿಡು, ಯು ಮುನ್. ನಮ್ಮ ಹುಡುಗಿ ವಿಗಾತೀನ ಕೆಲಸದಿಂದ ತೆಗೀತಾರಂತೆ. ಈ ತಿಂಗಳ ಕೊನೆಗೆ.”

“ಅಯ್ಯೋ, ಯಾಕೆ?”

“ಒಬ್ರು ಸತ್ರಲ್ಲ. ಅದಕ್ಕೆ ಒಬ್ರು ಬೇಕಲ್ಲ.”

ಸತ್ತವನು ನಮ್ಮ ಓಣಿಯ ಪಾಕ್ ತರ್ಮುಜಿ. ಮೀನು ಹರಾಜಿನ ಕಟ್ಟೆಯಲ್ಲಿ ಬುಟ್ಟಿ ಹೊರುತ್ತಿದ್ದ. ಒಂದು ಬೆಳಿಗ್ಗೆ ಎದೆ ಹಿಡಿದುಕೊಂಡು ಆಸ್ಪತ್ರೆಗೆ ಬಂದ. ಕೌಂಟರಿನಲ್ಲಿ “ಗಾಳಿ ಹೊಕ್ಕಿದೆ” ಎಂದ. ನಂಬರ್ ಚೀಟಿ ಕೊಟ್ಟರು. ಕಾಯುವವರ ಸಾಲಿನಲ್ಲಿ ಗೋಡೆಗೆ ಒರಗಿ ಕೂತ. ಅವನ ನಂಬರ್ ಕೂಗಿದಾಗ ಏಳಲಿಲ್ಲ. ಪಕ್ಕದಲ್ಲಿದ್ದವರು ನಿದ್ದೆ ಬಂದಿದೆ ಎಂದುಕೊಂಡರು.

ಗಾಳಿ ಹೊಕ್ಕಿದೆ ಎಂದು ನಮ್ಮಲ್ಲಿ ಯಾರು ಹೇಳುವುದಿಲ್ಲ? ಮಳೆಯಲ್ಲಿ ನೆನೆದರೂ ಗಾಳಿ, ಹೊಟ್ಟೆ ಉಬ್ಬಿದರೂ ಗಾಳಿ, ನಿದ್ದೆಗೆಟ್ಟರೂ ಗಾಳಿ. ಬೆನ್ನಿಗೆ ಎಣ್ಣೆ ಹಚ್ಚಿ ನಾಣ್ಯದ ಅಂಚಿನಿಂದ ಕೆರೆಸಿಕೊಂಡರೆ ಕೆಂಪು ಗೆರೆ ಏಳುತ್ತದೆ, ಗಾಳಿ ಇಳಿಯಿತು ಎನ್ನುತ್ತೇವೆ. ಕೌಂಟರಿನ ಪಾಕ್ ಸರ್ಪಾನನ ಮುಂದೆ ದಿನವೂ ಬಂದು ನಿಲ್ಲುವ ಗಾಳಿಗಳನ್ನು ಒಟ್ಟುಮಾಡಿದರೆ ಒಂದು ದೋಣಿ ಸಮುದ್ರಕ್ಕೆ ಹೋಗಿ ಬಂದೀತು. ಅವನು ಚೀಟಿ ಕೊಟ್ಟದ್ದರಲ್ಲಿ ಆಶ್ಚರ್ಯವಿಲ್ಲ.

ಕಾಯುವವರನ್ನು ನರ್ಸ್ ಆಗಾಗ ಬಂದು ನೋಡಬೇಕು ಎನ್ನುವುದು ನಿಯಮ. ಆ ಬೆಳಿಗ್ಗೆ ತುರ್ತು ವಿಭಾಗದಲ್ಲಿ ವಿಗಾತಿ ಒಬ್ಬಳೇ. ಜೊತೆಗಿರಬೇಕಾದವಳು ಹೆರಿಗೆ ರಜೆಗೆ ಹೋಗಿದ್ದಳು, ಆ ಜಾಗಕ್ಕೆ ಯಾರನ್ನೂ ಹಾಕಿರಲಿಲ್ಲ. ಅದಕ್ಕೂ ಹಿಂದೆ ಬಿಟ್ಟುಹೋದವಳ ಜಾಗವೂ ಖಾಲಿಯೇ ಇತ್ತು. ಸೀಗಡಿ ಸಾಕುವ ಕೊಳಕ್ಕೆ ಬಿದ್ದ ಮಗುವೊಂದನ್ನು ತಂದಿದ್ದರು. ವಿಗಾತಿ ಡಾಕ್ಟರ ಜೊತೆ ಆ ಮಗುವಿನ ಎದೆ ಒತ್ತುತ್ತಿದ್ದಳು. ನಿಯಮ ಬರೆದವರು, ನರ್ಸಿಗೆ ಕೈ ಎಷ್ಟಿರಬೇಕು ಎಂದು ಬರೆಯಲಿಲ್ಲ.

ತರ್ಮುಜಿಯ ಹೆಂಡತಿ ಸುತಿಜಾ ದೂರು ಕೊಟ್ಟಳು: ಆ ನರ್ಸ್ ತಲೆ ಎತ್ತಿ ನೋಡಲಿಲ್ಲ ಎಂದು. ನಿರ್ದೇಶಕ ಡಾಕ್ಟರ್ ಪ್ರಾನೋತೊ ಮೊದಲು ಇದು ವಿಧಿ, ಅಲ್ಲಾಹನ ಇಚ್ಛೆ ಎಂದರು. ವಿಧಿಯನ್ನು ನಾನೂ ನಂಬುತ್ತೇನೆ, ಐದು ಹೊತ್ತೂ ಅವನ ಮುಂದೆ ತಲೆ ಬಾಗಿಸುವವಳು ನಾನು. ಆದರೆ ತಮ್ಮ ಮೇಜು ಒರೆಸಲು ದೇವರ ಹೆಸರನ್ನು ಬಟ್ಟೆಯ ಹಾಗೆ ಬಳಸುವವರನ್ನು ಕಂಡರೆ ನನಗೂ ಮೈ ಉರಿಯುತ್ತದೆ. ಮೇಲಿನ ಕಚೇರಿಯಿಂದ ಪ್ರಶ್ನೆ ಬಂದ ಮೇಲೆ ವಿಧಿ ಹೋಗಿ ವಿಗಾತಿ ಬಂದಳು. ಅವಳದು ಗುತ್ತಿಗೆ ಕೆಲಸ. ತೆಗೆಯುವುದು ಸುಲಭ.

“ಅಷ್ಟೇ ಅಲ್ಲ,” ಎಂದಳು ರುಸ್ಮಿ. “ಇನ್ನು ಮೇಲೆ ಕಾಯೋ ಪ್ರತಿಯೊಬ್ರಿಗೂ ನಾವು ಎರಡು ಪುಟ ಪ್ರಶ್ನೆ ಕೇಳಿ ಗೀಟು ಹಾಕ್ಬೇಕಂತೆ. ರಜೆ ದಿನ ಮೀನುಗಾರರ ಕೇರಿಗೆ ಹೋಗಿ ಪರದೆ ಕಟ್ಟಿ ಹಾರ್ಟಿನ ಬಗ್ಗೆ ಪಾಠ ಮಾಡ್ಬೇಕಂತೆ. ಇರೋ ಹುಡುಗೀನ ತೆಗೆದು, ಉಳಿದವರ ತಲೆ ಮೇಲೆ ಇನ್ನೊಂದು ಮೂಟೆ. ಇದಕ್ಕೆ ಸುಧಾರಣೆ ಅಂತ ಹೆಸರು!”

“ನೀವು ಹೇಳಬಾರದಾ?”

“ಹೇಳ್ದೆ. ‘ಸಮಸ್ಯೆ ತರಬೇಡಿ, ಪರಿಹಾರ ತನ್ನಿ’ ಅಂದ್ರು. ಇವರ ಪರಿಹಾರ ಎಲ್ಲಾ ನನ್ನ ಕಾಲಿನ ಮೇಲೆ ನಡೀತದೆ, ಯು.”

ರುಸ್ಮಿ ತುರ್ತು ವಿಭಾಗದ ಮುಖ್ಯ ನರ್ಸ್. ದೋಣಿಗಳ ಮೂತಿಗೆ ಬಣ್ಣ ಬಳಿಯುತ್ತಿದ್ದ ಪಾಕ್ ಕಸ್ವಾದಿಯ ಮಗಳು. ಈ ಕರಾವಳಿಯ ಹಳೆಯ ದೋಣಿಗಳ ಕಣ್ಣುಗಳನ್ನೆಲ್ಲ ಅವನೇ ಬರೆದದ್ದು. ಮಗಳು ನರ್ಸಿಂಗ್ ಓದುತ್ತಿದ್ದಾಗ ಒಂದು ದಿನ ಅವನಿಗೆ ಎದೆ ಹಿಡಿಯಿತು. ಮನೆಯವರು ಗಾಳಿ ಕೆರೆಯುವ ಅಜ್ಜಿ, ಮ್ಬಾಹ್ ಜುಮಿರಾಳನ್ನು ಕರೆಸಿದರು. ಮುದುಕಿ ಕೆರೆದಳು, ಇನ್ನೂ ಕೆರೆದಳು. ರುಸ್ಮಿ ಬಸ್ಸಿಳಿದು ಓಡಿ ಬಂದಾಗ ಅಪ್ಪ ಬೋರಲು ಮಲಗಿದ್ದ. ಬೆನ್ನ ತುಂಬ ಹುಲಿಯ ಪಟ್ಟೆಯಂಥ ಗೆರೆಗಳು. ಉಸಿರಿರಲಿಲ್ಲ.

ಅಂದಿನಿಂದ ಜುಮಿರಾ ಎದುರು ಬಂದರೆ ರುಸ್ಮಿ ಓಣಿ ಬದಲಿಸುತ್ತಾಳೆ. ಆಸ್ಪತ್ರೆಗೆ ಬಂದವರ ಬೆನ್ನಿನಲ್ಲಿ ಹೊಸ ಗೆರೆ ಕಂಡರೆ, ರೋಗಿಗೆ ಸೂಜಿ ಚುಚ್ಚುವ ಮೊದಲು ಅವರ ಮನೆಯವರಿಗೆ ಮಾತಿನಿಂದ ಚುಚ್ಚುತ್ತಾಳೆ. “ಇನ್ನೂ ಸ್ವಲ್ಪ ಕೆರೆದಿದ್ರೆ ಎಲುಬು ಕಾಣ್ತಿತ್ತು. ತಿಂಡಿ ತಿಂದು ನಿಧಾನಕ್ಕೆ ಬರಬಹುದಿತ್ತಲ್ಲ!” ಜನ ಅವಳಿಗೆ ಹೆದರುತ್ತಾರೆ. ಆದರೆ ಮನೆಯಲ್ಲಿ ಯಾರಿಗಾದರೂ ಸೀರಿಯಸ್ ಆದರೆ “ರುಸ್ಮಿ ಡ್ಯೂಟಿಯಲ್ಲಿದ್ದಾಳಾ?” ಎಂದು ನನ್ನನ್ನೇ ಮೊದಲು ಬಂದು ಕೇಳುತ್ತಾರೆ.

“ಸುತಿಜಾ ನಿನ್ನ ಓಣಿಯವಳಲ್ವಾ?” ಎಂದು ಕೇಳಿದಳು ರುಸ್ಮಿ. “ನನ್ನ ಜೊತೆ ಬಾ. ನಾನೊಬ್ಳೇ ಹೋದ್ರೆ ಜಗಳ ಆಗುತ್ತೆ.”

“ನಾನು ಬಂದ್ರೂ ಆಗುತ್ತೆ.”

“ಆಗ ಸಾಕ್ಷಿಗಾದ್ರೂ ಒಬ್ರು ಇರ್ತಾರೆ.”

ಇಳಿಮಧ್ಯಾಹ್ನದ ಅಸರ್ ನಮಾಜು ಮುಗಿಸಿ ಅಂಗಡಿ ಮುಚ್ಚಿ ಹೊರಟೆ. ತರ್ಮುಜಿಯ ಏಳನೆಯ ದಿನದ ಪ್ರಾರ್ಥನೆ ಆಗಷ್ಟೇ ಮುಗಿದಿತ್ತು. ಸುತಿಜಾ ಅಂಗಳದಲ್ಲಿ ಬಿದಿರು ತಟ್ಟಿಯ ಮೇಲೆ ಒಣಹಾಕಿದ ಮೀನು ಮಗುಚುತ್ತಿದ್ದಳು. ರುಸ್ಮಿಯ ಬಿಳಿ ಬಟ್ಟೆ ಕಂಡದ್ದೇ ಅವಳ ಕೈ ನಿಂತಿತು.

“ಯಾಕೆ ಬಂದ್ರಿ? ಆ ಹುಡುಗಿ ಪರವಾಗಿ ಕಾಲು ಹಿಡಿಯೋಕಾ?”

“ಕಾಲು ಹಿಡಿಯೋಳಲ್ಲ ನಾನು,” ಎಂದಳು ರುಸ್ಮಿ. “ಆವತ್ತು ಏನಾಯ್ತು ಅಂತ ಕೇಳೋಕೆ ಬಂದೆ.”

“ಈಗಾ? ಮಣ್ಣು ಮಾಡಿ ಆದ್ಮೇಲಾ?”

“ಈಗ್ಲೇ. ಮುಂಚೆ ಯಾರಾದ್ರೂ ಕೇಳಿದ್ರಾ?”

ಸುತಿಜಾ ಮತ್ತೆ ಮೀನಿನ ಕಡೆ ಬಾಗಿದಳು. ಯಾರೂ ಕೇಳಿರಲಿಲ್ಲ. ದೂರು ಬರೆಸಿಕೊಂಡವರು ಹೆಸರು, ವಿಳಾಸ, ಯಾವ ನರ್ಸ್ ಎಂದಷ್ಟೇ ಕೇಳಿದ್ದರು. ನಾನು ಅವಳ ಪಕ್ಕ ಕುಕ್ಕರಗಾಲಲ್ಲಿ ಕೂತು ಮೀನು ಮಗುಚತೊಡಗಿದೆ. ಕೈಗೆ ಕೆಲಸವಿದ್ದರೆ ಬಾಯಿ ಸಡಿಲವಾಗುತ್ತದೆ. ಒಂದು ಸಾಲು ಮಗುಚುವಷ್ಟರಲ್ಲಿ ಅವಳೇ ಶುರುಮಾಡಿದಳು.

“ಇವರು ಕಟ್ಟೆಯಿಂದ ಬಂದು ಎದೆ ಮೇಲೆ ತುಂಬಿದ ಬುಟ್ಟಿ ಕೂತ ಹಾಗಿದೆ ಅಂದ್ರು. ಅಂಗಿ ಹಿಂಡಿದ್ರೆ ನೀರು. ಮೈ ತಣ್ಣಗೆ, ಬೆವರು. ಮ್ಬಾಹ್ ಜುಮಿರಾನ್ನ ಕರೆಸ್ದೆ. ಕೆರೆದ್ಲು. ಗೆರೆ ಕೆಂಪೇಳಲಿಲ್ಲ. ಇವರು ದವಡೆ ಹಿಡ್ಕೊಂಡ್ರು. ಮುದುಕಿ ನಾಣ್ಯ ಕೆಳಗಿಟ್ಟು, ‘ಇದು ನನ್ನ ಕೈಗೆ ಬರೋ ಗಾಳಿ ಅಲ್ಲ. ಇದು ಕೂತ ಗಾಳಿ. ಆಸ್ಪತ್ರೆಗೆ ಕರ್ಕೊಂಡು ಹೋಗು’ ಅಂದ್ಲು.”

ಆಂಗಿನ್ ದುದುಕ್ ಎನ್ನುತ್ತೇವೆ ನಾವು. ಕೂತ ಗಾಳಿ. ಹೊಕ್ಕ ಗಾಳಿ ಮೈಯಲ್ಲಿ ಓಡಾಡುತ್ತದೆ, ಕೆರೆದರೆ ಹೊರಗೆ ಹೋಗುತ್ತದೆ. ಕೂತ ಗಾಳಿ ಎದೆಯಲ್ಲಿ ಕೂತುಬಿಡುತ್ತದೆ, ಏಳುವುದಿಲ್ಲ. ಎದ್ದರೆ ಮನುಷ್ಯನ ಜೀವವನ್ನೂ ಎಬ್ಬಿಸಿಕೊಂಡೇ ಹೋಗುತ್ತದೆ. ಚಿಕ್ಕ ಮಕ್ಕಳಿಗೂ ಗೊತ್ತಿರುವ ಮಾತು ಇದು.

ರುಸ್ಮಿ ಮುಂದೆ ಬಾಗಿದಳು. “ಮತ್ತೆ ಕೌಂಟರಲ್ಲಿ ಕೂತ ಗಾಳಿ ಅಂತ ಯಾಕೆ ಹೇಳ್ಲಿಲ್ಲ? ಗಾಳಿ ಹೊಕ್ಕಿದೆ ಅಂದ್ರಂತಲ್ಲ?”

“ಹೇಳೋಕೆ ಬಿಟ್ರಾ ನೀವು?” ಸುತಿಜಾಳ ದನಿ ಏರಿತು. “ಆ ಸರ್ಪಾನನ ತಲೆ ಮೇಲೆ ಅಷ್ಟು ದೊಡ್ಡ ಬೋರ್ಡು. ಇವರಿಗೆ ಓದೋಕೆ ಬರ್ತಿತ್ತು. ಬರದೇ ಇದ್ದಿದ್ರೆ ಉಳೀತಿದ್ರೇನೋ. ‘ನೋಡು ಸುತಿ, ಕೂತ ಗಾಳಿ ಅನ್ನೋ ಕಾಯಿಲೆಯೇ ಇಲ್ಲವಂತೆ, ಹಾಗನ್ನೋದು ಅಜ್ಞಾನವಂತೆ’ ಅಂದ್ರು. ‘ಆದ್ರೂ ಹೇಳಿ’ ಅಂದೆ. ‘ನಗ್ತಾರೆ ಕಣೇ’ ಅಂದ್ರು. ಅಷ್ಟು ನೋವಲ್ಲೂ ನಾಚ್ಕೊಂಡ್ರು ನನ್ನ ಗಂಡ.”

“ಹಾರ್ಟು ಅಂತ ಹೇಳಬಹುದಿತ್ತಲ್ಲ,” ಎಂದುಬಿಟ್ಟೆ ನಾನು.

“ಹಾರ್ಟು ಅನ್ನೋಕೆ ನಾವೇನು ಕಾರಲ್ಲಿ ಹೋಗಿದ್ವಾ, ಯು? ಬುಟ್ಟಿ ಹೊರೋನು ಹಾರ್ಟು ಅಂದ್ರೆ, ಯಾರು ಹೇಳಿದ್ರು ನಿನಗೆ ಅಂತಾರೆ. ಅದಕ್ಕೇ ಗಾಳಿ ಹೊಕ್ಕಿದೆ ಅಂದ್ರು. ಚೀಟಿ ಕೊಟ್ರು. ಆಮೇಲೆ ನಾನು ಒಳಗೆ ಇಣುಕಿ ‘ನರ್ಸಮ್ಮಾ’ ಅಂತ ಕರೆದೆ. ಆ ಹುಡುಗಿ ಬೆನ್ನು ಹಾಕಿ ಬಾಗಿದ್ಲು. ತಿರುಗ್ಲಿಲ್ಲ.”

ರುಸ್ಮಿಯ ಮುಖ ನೋಡಿದೆ. ಸಿಟ್ಟಿನಲ್ಲಿ ಅವಳನ್ನು ಬೇಕಾದಷ್ಟು ಸಲ ಕಂಡಿದ್ದೇನೆ, ಹೀಗೆ ಕಂಡಿರಲಿಲ್ಲ. ಹೊಡೆಯಲು ಎತ್ತಿದ ಕೈ ತನ್ನ ಕೆನ್ನೆಗೇ ಬಿದ್ದವಳಂತೆ ಕೂತಿದ್ದಳು. ಆ ಬೋರ್ಡಿನ ಮಾತು ಅವಳದೇ. ಹೋದ ವರ್ಷ ಹೃದಯದ ಬಗ್ಗೆ ಜನರಿಗೆ ತಿಳಿಸಲು ಒಂದು ಸಾಲು ಬರೆದುಕೊಡಿ ಎಂದು ನಿರ್ದೇಶಕರು ಕೇಳಿದಾಗ, ಅಪ್ಪನ ಬೆನ್ನನ್ನು ನೆನೆಸಿಕೊಂಡು ಅವಳೇ ಬರೆದುಕೊಟ್ಟಿದ್ದಳು: ‘ಕೂತ ಗಾಳಿ ಎಂಬ ಕಾಯಿಲೆ ಇಲ್ಲ. ಹಾಗೆನ್ನುವುದು ಅಜ್ಞಾನ.’ ಡಾಕ್ಟರ್ ಪ್ರಾನೋತೊ ಅದನ್ನು ದೊಡ್ಡ ಅಕ್ಷರದಲ್ಲಿ ಅಚ್ಚು ಹಾಕಿಸಿ ಕೌಂಟರಿನ ಮೇಲೆ ತೂಗಿಸಿದ್ದರು. ಜನ ಆ ಕಾಯಿಲೆಯನ್ನು ಬಿಡಲಿಲ್ಲ. ಆ ಮಾತನ್ನು ಬಿಟ್ಟರು.

ಇದನ್ನು ಅವಳು ಸುತಿಜಾಳಿಗೆ ಹೇಳಲಿಲ್ಲ. “ಸೋಮವಾರ ನನ್ನ ಜೊತೆ ನಿರ್ದೇಶಕರ ಹತ್ರ ಬರ್ತೀಯಾ?” ಎಂದಷ್ಟೇ ಕೇಳಿದಳು.

“ನಾನು ಇದ್ದತ್ತಿನಲ್ಲಿದ್ದೀನಿ. ಗಂಡ ಸತ್ತೋಳು ಅದು ಮುಗಿಯೋವರೆಗೂ ಮನೆ ಬಿಟ್ಟು ತಿರುಗಬಾರದು.”

“ಹಗಲು ಹೊತ್ತು ಅಗತ್ಯದ ಕೆಲಸಕ್ಕೆ ಹೋಗಬಹುದು,” ಎಂದೆ ನಾನು. “ಇದು ಅಗತ್ಯ ಅಲ್ಲದಿದ್ರೆ ಇನ್ಯಾವುದು?”

ಹಿಂದಿರುಗುವಾಗ ರುಸ್ಮಿ ಓಣಿ ಬದಲಿಸಲಿಲ್ಲ. ನೇರ ಮ್ಬಾಹ್ ಜುಮಿರಾಳ ಬಾಗಿಲಿಗೆ ಹೋಗಿ ನಿಂತಳು. ಮುದುಕಿ ಜಗಲಿಯಲ್ಲಿ ಕೂತು ಕಾಲಿಗೆ ಎಣ್ಣೆ ತಿಕ್ಕಿಕೊಳ್ಳುತ್ತಿದ್ದಳು. ಸಲಾಂ ಹೇಳಿದವಳು ನಾನೊಬ್ಬಳೇ.

“ಕಸ್ವಾದಿಯ ಮಗಳಲ್ವಾ? ಸೂರ್ಯ ಎಲ್ಲಿ ಹುಟ್ಟಿದ ಇವತ್ತು?” ಎಂದಳು ಜುಮಿರಾ. “ನಿಮ್ಮಪ್ಪನ್ನ ನಾನೇ ಕೊಂದೆ ಅಂತ ಊರೆಲ್ಲಾ ಹೇಳ್ಕೊಂಡು ತಿರುಗ್ತೀಯಂತೆ.”

“ಹೌದು. ಹೇಳಿದ್ದೀನಿ.”

“ಆವಾಗ ನನಗೆ ತಿಳೀಲಿಲ್ಲ. ಈಗ ಸ್ವಲ್ಪ ತಿಳೀತದೆ. ತರ್ಮುಜೀನ ಕಳಿಸ್ದೆ. ನೀವೇನು ಮಾಡಿದ್ರಿ?”

“ಚೀಟಿ ಕೊಟ್ವಿ,” ಎಂದಳು ರುಸ್ಮಿ.

“ಹ್ಞೂಂ.”

“ಆದ್ರೆ ನೀನು ಮೊದಲು ಕೆರೆದೆ, ಮ್ಬಾಹ್. ಅಷ್ಟು ಹೊತ್ತು ಕೆರೆದು ಆಮೇಲೆ ಕಳಿಸ್ದೆ. ಮೊದಲೇ ಕಳಿಸಿದ್ರೆ?”

“ಮುಟ್ಟದೆ ಕಳಿಸಿದ್ರೆ ಯಾರೇ ಹೋಗ್ತಾರೆ? ಮುದುಕೀಗೆ ಕೈ ಸೋತಿದೆ ಅಂತ ಇನ್ನೊಬ್ಳನ್ನ ಕರೆಸ್ತಾರೆ. ಅವಳು ಇನ್ನಷ್ಟು ಕೆರೀತಾಳೆ.”

“ಹಾಗಾದ್ರೆ ಒಂದೇ ಒಂದು ಗೆರೆ ಎಳಿ. ಎಳೆದು ಬಿಟ್ಬಿಡು. ತಣ್ಣನೆ ಬೆವರು, ಎದೆ ಮೇಲೆ ಭಾರ, ದವಡೆ ನೋವು ಇದ್ರೆ ಕೂತ ಗಾಳಿ ಅಂತ ಹೇಳಿ ಓಡಿಸು. ಗೇಟಲ್ಲಿ ಅದೇ ಮಾತು ಜೋರಾಗಿ ಹೇಳೋಕೆ ಹೇಳು.”

ಮುದುಕಿ ಎಣ್ಣೆಯ ಕೈಯನ್ನು ನಿಲ್ಲಿಸಿ ನಕ್ಕಳು. “ಅಂಥ ಕಾಯಿಲೆ ಇಲ್ಲ ಅಂತ ನಿಮ್ಮ ಗೋಡೆ ಹೇಳ್ತದಂತೆ?”

“ಗೋಡೆ ನಾನು ನೋಡ್ಕೊತೀನಿ.”

ಅಪ್ಪನ ವಿಷಯಕ್ಕೆ ಅವರಿಬ್ಬರೂ ಒಬ್ಬರನ್ನೊಬ್ಬರು ಕ್ಷಮಿಸಲಿಲ್ಲ. ಕ್ಷಮಿಸಿದರು ಎಂದು ಬರೆದರೆ ಚೆನ್ನಾಗಿರುತ್ತಿತ್ತು, ಆದರೆ ಅಲ್ಲಿ ಆದದ್ದು ಇಷ್ಟೇ.

ಸೋಮವಾರ ನಿರ್ದೇಶಕರ ಕೋಣೆಗೆ ಮೂವರೂ ಹೋದೆವು. ಸುತಿಜಾ ನನ್ನ ಕೈ ಬಿಡಲಿಲ್ಲ, ಹಾಗಾಗಿ ನಾನೂ ಒಳಗೆ. ಡಾಕ್ಟರ್ ಪ್ರಾನೋತೊ ಕೆಟ್ಟವರಲ್ಲ. ಮೇಲಿನವರಿಗೆ ಹೆದರುವ ಮನುಷ್ಯ, ಕೆಳಗಿನವರು ತನಗೆ ಹೆದರದಿದ್ದರೆ ಗಾಬರಿಯಾಗುವ ಮನುಷ್ಯ. ಸುತಿಜಾಳಿಗೆ ಸಂತಾಪ ಹೇಳಿದರು, ತಪ್ಪಿತಸ್ಥರ ಮೇಲೆ ಕ್ರಮವಾಗಿದೆ ಎಂದರು.

“ಯಾವ ತಪ್ಪಿತಸ್ಥರು, ಪಾಕ್?” ಎಂದಳು ರುಸ್ಮಿ.

“ಬು ರುಸ್ಮಿ, ಸಮಾಧಾನ ಮಾಡ್ಕೊಳ್ಳಿ. ಕೂತು ಮಾತಾಡೋಣ.”

“ಕೂತು ಮಾತಾಡೋಕೆ ನಿಮಗೆ ಕುರ್ಚಿ ಇದೆ. ನಮ್ಮ ವಿಭಾಗದಲ್ಲಿ ಕೂರೋದೇ ಮರ್ತುಹೋಗಿದೆ. ಒಬ್ಬ ಹುಡುಗಿ ಮೂರು ಜನರ ಕೆಲಸ ಮಾಡ್ತಿದ್ಲು. ನಾಲ್ಕನೇದು ಮಾಡ್ಲಿಲ್ಲ ಅಂತ ತೆಗೀತೀರಿ. ಉಳಿದವರಿಗೆ ಐದನೇದು ಕೊಡ್ತೀರಿ. ನಾಳೆ ಎರಡು ಪುಟ ಗೀಟು ಹಾಕ್ತಾ ಇರುವಾಗ ಇನ್ನೊಬ್ರು ಗೋಡೆಗೊರಗಿ ಸಾಯ್ತಾರೆ. ಆಗ ಯಾರನ್ನ ತೆಗೀತೀರಿ? ನನ್ನನ್ನಾ?”

“ಜೀವ ಉಳಿಸೋಕೆ ಅಂತ್ಲೇ ಆ ಪ್ರಶ್ನೆಗಳನ್ನ ಮಾಡಿರೋದು.”

“ಉಳಿಸೋಕೆ ಪ್ರಶ್ನೆ ಬೇಡ. ಅವರೇ ಉತ್ತರ ಹೇಳ್ಕೊಂಡು ಬರ್ತಾರೆ, ಕೇಳಿಸ್ಕೊಳ್ಳೋ ಕಿವಿ ಬೇಕು. ಗೇಟಲ್ಲಿ ಕಾವಲಿಗೆ ಪಾಕ್ ಙಾದಿನೋ ನಿಂತಿರ್ತಾನೆ. ಕೌಂಟರಲ್ಲಿ ಸರ್ಪಾನ್ ಕೂತಿರ್ತಾನೆ. ಕೂತ ಗಾಳಿ ಅಂತ ಯಾರಾದ್ರೂ ಅಂದ್ರೆ ಚೀಟಿ ಕೊಡಬಾರದು. ಗಾಲಿ ಕುರ್ಚಿ, ಸೀದಾ ಬಾಗಿಲ ಪಕ್ಕದ ಹಾಸಿಗೆ, ಮೊದಲು ಇ.ಸಿ.ಜಿ., ಆಮೇಲೆ ಹೆಸರು ಊರು. ಈಗ ಆ ಯಂತ್ರ ಎಲ್ಲಿದೆ ಅಂತ ಹುಡುಕೋದೇ ನಮಗೊಂದು ಕೆಲಸ. ಅದನ್ನ ಆ ಹಾಸಿಗೆ ಪಕ್ಕ ಇಡಿ, ಯಾರೂ ಒಯ್ಯಬಾರದು. ಪಾಠ ಮಾಡೋಕೆ ನರ್ಸುಗಳು ಕೇರಿಗೆ ಹೋಗಬೇಕಾಗಿಲ್ಲ. ಕೆರೆಯೋ ಮುದುಕಿಯರು ಆಗ್ಲೇ ಎಲ್ಲಾ ಮನೆಗೂ ಹೋಗ್ತಾರೆ, ಅವರೇ ಹೇಳಿ ಕಳಿಸ್ತಾರೆ. ಆ ಬೋರ್ಡು ಇವತ್ತೇ ಇಳೀಬೇಕು.”

“ಡುಕುನ್‌ಗಳ ಮಾತನ್ನ ಆಸ್ಪತ್ರೆ ಬಾಗಿಲಲ್ಲಿ ತೂಗಿಸೋಣ ಅಂತೀರಾ? ಮೇಲಿನವರು ಏನಂತಾರೆ?” ಎಂದರು ನಿರ್ದೇಶಕರು. ಮಂತ್ರ ಹಾಕುವವರನ್ನೂ ಎಣ್ಣೆ ತಿಕ್ಕುವವರನ್ನೂ ಅವರು ಒಂದೇ ಹೆಸರಿನಲ್ಲಿ ಮುಗಿಸುತ್ತಾರೆ. ಆಮೇಲೆ ಕನ್ನಡಕ ತೆಗೆದು ಒರೆಸುತ್ತಾ, “ಅಂದಹಾಗೆ, ಆ ಬೋರ್ಡಿನ ಸಾಲು ಬರೆದುಕೊಟ್ಟಿದ್ದು ನೀವೇ ಅಲ್ವಾ, ಬು?” ಎಂದರು.

ಸುತಿಜಾಳ ಬೆರಳುಗಳು ನನ್ನ ಕೈಯಲ್ಲಿ ಬಿಗಿದವು. ಅವಳು ರುಸ್ಮಿಯ ಕಡೆ ತಿರುಗಿದಳು.

“ನೀನಾ?”

“ಹೌದು,” ಎಂದಳು ರುಸ್ಮಿ. “ನಾನೇ. ನಮ್ಮಪ್ಪ ಕೆರೆಸ್ಕೊಂಡೇ ಸತ್ತ, ಆಮೇಲೆ ಕೂತ ಗಾಳಿ ಅಂದುಬಿಟ್ರು ಎಲ್ಲರೂ. ಆ ಮಾತಿನ ಮೇಲಿನ ಸಿಟ್ಟಿಗೆ ಬರೆದೆ. ನಿನ್ನ ಗಂಡ ಬಾಯಿ ಮುಚ್ಕೊಂಡ್ರು.”

“ಮೊನ್ನೆ ನನ್ನ ಅಂಗಳದಲ್ಲಿ ಕೂತು ಎಲ್ಲಾ ಕೇಳಿಸ್ಕೊಂಡೆ. ಆಗ ಹೇಳ್ಲಿಲ್ಲ.”

“ಹೇಳಿದ್ರೆ ನೀನು ಇಲ್ಲಿಗೆ ಬರ್ತಿರ್ಲಿಲ್ಲ.”

“ನನ್ನ ದೂರು ಇನ್ನು ನಿನ್ನ ಮೇಲೆ.”

“ಬರೆಸು. ನನ್ನ ಮೇಲೆ ಬರೆಸು. ಖಾಲಿ ಜಾಗ ತುಂಬದೆ ಬಿಟ್ಟವರ ಮೇಲೆ ಬರೆಸು. ಆ ಹುಡುಗಿ ಮೇಲೆ ಬೇಡ. ಅವಳಿಗೆ ಇದ್ದಿದ್ದು ಎರಡೇ ಕೈ.”

ಹೊರಗೆ ಯಾರೋ ಟ್ರಾಲಿ ತಳ್ಳಿಕೊಂಡು ಹೋದರು. ನಿರ್ದೇಶಕರು ಕನ್ನಡಕ ಹಾಕಿಕೊಂಡು, ದುಃಖದಲ್ಲಿರುವವರು ಆತುರದ ನಿರ್ಧಾರ ತೆಗೆದುಕೊಳ್ಳಬಾರದು ಎಂದು ಶುರುಮಾಡಿದರು. ಸುತಿಜಾ ಅವರನ್ನು ಮುಗಿಸಗೊಡಲಿಲ್ಲ.

“ಬೋರ್ಡು ಅಚ್ಚು ಹಾಕ್ಸಿದ್ದು ಯಾರು, ಪಾಕ್ ಡಾಕ್ಟರ್?”

“ಅದು ಆಸ್ಪತ್ರೆ...”

“ಆಸ್ಪತ್ರೆಗೆ ಕೈ ಇದ್ಯಾ? ಸಹಿ ಯಾರದು?”

ಅವರು ಮೇಜಿನ ಮೇಲಿನ ಕಾಗದಗಳನ್ನು ಜೋಡಿಸತೊಡಗಿದರು.

“ಹಾಗಾದ್ರೆ ಕೇಳಿ,” ಎಂದಳು ಸುತಿಜಾ. “ನಾನು ಬರೆಸಿದ್ರೆ ಮೂರೂ ಹೆಸರು ಬರೆಸ್ತೀನಿ. ಆ ಹುಡುಗಿ, ಇವಳು, ನೀವು. ಇಲ್ಲಾಂದ್ರೆ ಒಂದೂ ಇಲ್ಲ. ಬರೀ ಕೆಳಗಿನ ಹೆಸರು ಇಟ್ಕೊಂಡು ಮೇಲಿನದನ್ನ ಅಳಿಸೋಕೆ ನನ್ನ ಗಂಡ ಸತ್ತಿದ್ದಲ್ಲ.”

ಆ ಮಧ್ಯಾಹ್ನವೇ ದೂರು ವಾಪಸಾಯಿತು, ಬೋರ್ಡು ಇಳಿಯಿತು. ವಿಗಾತಿಯ ಗುತ್ತಿಗೆ ಮುಂದುವರಿಯಿತು. ಪ್ರಶ್ನೆಗಳ ಹಾಳೆಗಳು ಉಗ್ರಾಣಕ್ಕೆ ಹೋದವು, ಕೇರಿಯ ಪಾಠ ನಿಂತಿತು. ಮುಂದಿನ ವಾರ, ಶಿಸ್ತಿನ ದೃಷ್ಟಿಯಿಂದ ಎಂದು ಹೇಳಿ, ರುಸ್ಮಿಯನ್ನು ಮುಖ್ಯ ನರ್ಸ್ ಸ್ಥಾನದಿಂದ ಇಳಿಸಿದರು. ಅವಳಿಗಿಂತ ಚಿಕ್ಕವಳೊಬ್ಬಳು ಆ ಜಾಗಕ್ಕೆ ಬಂದಳು. ಏನೇ ಬಂದರೂ ರುಸ್ಮಿಯನ್ನೇ ಕೇಳುತ್ತಿದ್ದಳು.

“ಕೆಲಸ ಅದೇ, ಬೈಗುಳ ಅದೇ, ಮೀಟಿಂಗ್ ಮಾತ್ರ ಇಲ್ಲ,” ಎಂದಳು ರುಸ್ಮಿ ನನ್ನ ಬೆಂಚಿನಲ್ಲಿ. “ಇದನ್ನ ಶಿಕ್ಷೆ ಅಂತ ಯಾರು ಹೇಳಿದ್ರು ಅವರಿಗೆ?” ಹಾಗೆಂದರೂ ಅವಮಾನ ಅವಳ ಮುಖದಲ್ಲಿ ಕಾಣುತ್ತಿತ್ತು.

ಗೇಟಿನ ಙಾದಿನೋಗೆ ಮಾತ್ರ ಹಬ್ಬ. ಕಾವಲುಗಾರನಾಗಿ ಇಷ್ಟು ವರ್ಷ ಸ್ಕೂಟರುಗಳನ್ನು ಸಾಲಾಗಿ ನಿಲ್ಲಿಸಿದವನು ಈಗ “ಕೂತಿದೆ! ಕೂತಿದೆ! ದಾರಿ ಬಿಡಿ!” ಎಂದು ಕೂಗುತ್ತಾ ಗಾಲಿ ಕುರ್ಚಿ ಓಡಿಸುತ್ತಿದ್ದ. ಮೊದಲು ಓಡಿಸಿಕೊಂಡು ಹೋದದ್ದು ಹಲಸಿನ ಹಣ್ಣು ಅತಿಯಾಗಿ ತಿಂದ ಹೆಂಗಸನ್ನು. ಇ.ಸಿ.ಜಿ. ಸರಿಯಾಗಿತ್ತು, ಒಂದು ದೊಡ್ಡ ತೇಗು ಬಂದು ಅವಳೇ ಎದ್ದು ಹೋದಳು. ಹೊಸ ಡಾಕ್ಟರ್ ಗೊಣಗಿದರು.

“ಬಿಡಿ ಡಾಕ್ಟರ್, ಹೋಗಿದ್ದು ಕಾಗದದ ಒಂದು ತುಂಡು,” ಎಂದಳು ರುಸ್ಮಿ. “ಗಾಳಿ ಅಂತ ಅವಳನ್ನ ಕೂರಿಸಿ, ಅದು ಹಾರ್ಟಾಗಿದ್ರೆ, ನಾವೆಲ್ಲಾ ಸೇರಿ ಎಷ್ಟು ಹೊತ್ತು ಎದೆ ಒತ್ತಬೇಕಿತ್ತು ಲೆಕ್ಕ ಹಾಕಿ.”

ಆಮೇಲೆ ನಿಜವಾದವರು ಬಂದರು. ಕುರಾನ್ ಕಲಿಸುವ ಮೇಷ್ಟ್ರು, ಐಸ್ ಕಾರ್ಖಾನೆಯವನು, ದೋಣಿಯೊಂದರ ಅಡುಗೆಯವನು. ಕೆಲವರ ಬೆನ್ನಿನ ಮೇಲೆ ಒಂದೇ ಒಂದು ಕೆಂಪು ಗೆರೆ ಇರುತ್ತಿತ್ತು. ಗೆರೆ ಕಂಡು ಬೈಯಲು ಬಾಯಿ ತೆರೆದ ರುಸ್ಮಿ ಸುಮ್ಮನಾಗುತ್ತಿದ್ದಳಂತೆ. ಹೊತ್ತಿಗೆ ಔಷಧ ಬಿದ್ದು, ಹೊತ್ತಿಗೆ ಆಂಬುಲೆನ್ಸ್ ಹತ್ತಿ ಅವರು ದೊಡ್ಡ ಊರಿನ ಆಸ್ಪತ್ರೆ ಸೇರಿದರು, ಹೆಚ್ಚಿನವರು ನಡೆದುಕೊಂಡು ಮನೆಗೆ ಬಂದರು. ಸಾಲಿನಲ್ಲಿ ಕೂತವರು ಕುಸಿದು ಬಿದ್ದು ನರ್ಸುಗಳೆಲ್ಲ ಓಡುವ ಗದ್ದಲ ಕಡಿಮೆಯಾಯಿತು. ಕಡೆಗೆ ಮೇಲಿನವರು ನೋಡಲು ಬಂದರು. ಊರಿನ ಭಾಷೆಯಲ್ಲೇ ಊರಿಗೆ ಸೇವೆ ಎಂಬ ತಮ್ಮ ಯೋಜನೆಯನ್ನು ಡಾಕ್ಟರ್ ಪ್ರಾನೋತೊ ಅವರಿಗೆ ವಿವರಿಸಿದರು. ಊಟದ ಪೊಟ್ಟಣಗಳು ನನ್ನ ಅಂಗಡಿಯಿಂದಲೇ ಹೋದವು. ಕಟ್ಟುವಾಗ ಉಪ್ಪು ಹಾಕುವುದನ್ನು ಮರೆಯಬೇಕು ಎನಿಸಿತು. ಅಲ್ಲಾಹನನ್ನು ನೆನೆದು ಹಾಕಿದೆ.

ಖಾಲಿ ಜಾಗಗಳು ಮಾತ್ರ ಖಾಲಿಯೇ ಇದ್ದವು. ಯಾರನ್ನೂ ಹೊಸದಾಗಿ ಹಾಕದೆಯೇ ಇಷ್ಟು ಚೆನ್ನಾಗಿ ನಡೆಯುತ್ತಿದೆಯಲ್ಲ, ಇನ್ನು ಹಾಕುವುದೇಕೆ ಎಂದು ಮೇಲಿನವರು ಹೊಗಳಿ ಹೋದರಂತೆ.

ಇದ್ದತ್ ಮುಗಿದ ಮೇಲೆ ಸುತಿಜಾ ಒಣಮೀನು ಹೊತ್ತು ಅಂಗಡಿಗಳಿಗೆ ಹಾಕತೊಡಗಿದಳು. ಒಂದು ಮಧ್ಯಾಹ್ನ ನನ್ನಲ್ಲಿಗೆ ಬಂದಾಗ ಬೆಂಚಿನಲ್ಲಿ ರುಸ್ಮಿಯೂ ವಿಗಾತಿಯೂ ಉಣ್ಣುತ್ತಿದ್ದರು. ಸುತಿಜಾ ಬುಟ್ಟಿ ಇಳಿಸಿ ನಿಂತಳು.

“ನೀನೇ ಅಲ್ವಾ?”

ವಿಗಾತಿ ಚಮಚ ಕೆಳಗಿಟ್ಟು ಎದ್ದು ನಿಂತಳು. “ಹೌದು, ಬು.”

“ಆವತ್ತು ನಾನು ಕರೆದೆ. ಒಂದ್ಸಲಾನೂ ತಿರುಗ್ಲಿಲ್ಲ ನೀನು.”

“ಸುತಿಜಾ, ಆವತ್ತು ಒಳಗೆ...” ಎಂದು ರುಸ್ಮಿ ಶುರುಮಾಡಿದಳು.

“ಬೇಡಿ, ಬು ರುಸ್ಮಿ,” ಎಂದಳು ವಿಗಾತಿ. ಆಮೇಲೆ ಸುತಿಜಾಳಿಗೆ, “ನೀವು ಕರೆದಿದ್ದು ಕೇಳಿಸ್ತು, ಬು. ತಿರುಗ್ಲಿಲ್ಲ. ಕೈಯಲ್ಲಿ ಒಂದು ಮಗು ಇತ್ತು.”

ಸುತಿಜಾ ಅವಳ ಮುಖ ನೋಡಿದಳು. ತಾನು ಅಷ್ಟು ದಿನ ಬೈದ ಬೆನ್ನಿಗೆ ಹೀಗೊಂದು ಮುಖವಿದೆ ಎಂದು ಅವಳು ಎಣಿಸಿರಲಿಲ್ಲವೇನೋ.

“ಉಳೀತಾ?”

“ಉಳೀತು.”

“ಯಾರ ಮಗು?”

“ಗೊತ್ತಿಲ್ಲ, ಬು. ಹೆಸರು ಕೇಳೋಕೂ ಹೊತ್ತಿರ್ಲಿಲ್ಲ. ಅಷ್ಟರಲ್ಲಿ ನಿಮ್ಮವರು...”

ಗೇಟಿನಿಂದ ಙಾದಿನೋ ಕೂಗಿದ. ವಿಗಾತಿ ಮಾತು ಅಲ್ಲಿಗೇ ಬಿಟ್ಟು ಓಡಿದಳು. ರುಸ್ಮಿಯೂ ಬಾಯಲ್ಲಿದ್ದ ತುತ್ತು ನುಂಗುತ್ತಾ ಹಿಂದೆ ಹೋದಳು. ತುರ್ತು ವಿಭಾಗದಲ್ಲಿ ಆ ಹೊತ್ತಿಗೆ ಇದ್ದ ನರ್ಸುಗಳು ಅವರಿಬ್ಬರೇ, ಇಬ್ಬರೂ ನನ್ನ ಬೆಂಚಿನಲ್ಲಿದ್ದರು. ಕೆದಕಿ ಬಿಟ್ಟ ಅನ್ನದ ಮೇಲೆ ನೊಣ ಬಂದು ಕೂತಿತು. ನಾನು ತಟ್ಟೆ ಮುಚ್ಚಿದೆ.

“ದಿನಾ ಹೀಗೇನಾ, ಯು?” ಎಂದು ಕೇಳಿದಳು ಸುತಿಜಾ.

“ದಿನಾ.”

“ಇನ್ನೂ ಯಾರನ್ನೂ ಹಾಕಿಲ್ವಾ?”

“ಇಲ್ಲ.”

“ಆ ಕನ್ನಡಕದವನು ಇದ್ದಾನಾ ಒಳಗೆ?”

“ಕಾರು ಇಲ್ಲೇ ನಿಂತಿದೆ.”

ಸುತಿಜಾ ತಲೆಯ ವಸ್ತ್ರವನ್ನು ಬಿಗಿಯಾಗಿ ಸುತ್ತಿಕೊಂಡಳು. ಮೀನಿನ ವಾಸನೆಯ ಕೈಯನ್ನು ತೊಳೆದುಕೊಳ್ಳುತ್ತೀಯಾ ಎಂದು ನೀರು ಕೊಡಲು ಹೋದೆ.

“ಬೇಡ. ಹೀಗೇ ಇರ್ಲಿ,” ಎಂದು ಅವಳು ರಸ್ತೆ ದಾಟಿದಳು.